ಭಾನುವಾರದ ಟ್ಯಾಂಕ್ ಹೋಲಿಕೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಬಳಿ ನಮ್ಮ ಮಾದರಿ ಯುದ್ಧಟ್ಯಾಂಕ್ ಬಳಗವು ಸೇರಲಿದ್ದು, ಮಾತನಾಡಲು ಒಪ್ಪಿರುವ ನಾಲ್ವರು ಈ ಸೂಚನೆಯನ್ನು ದಯವಿಟ್ಟು ಪೂರ್ತಿ ಓದಬೇಕು. ಕಳೆದ ಬಾರಿ 1942ರ ಜರ್ಮನ್ ಟ್ಯಾಂಕ್ ಟೈಗರನ್ನು ಇಂದಿನ ಭಾರತೀಯ ಟ್ಯಾಂಕ್ ಅರ್ಜುನ್ ಜತೆ ತೂಗಲು ಹೋಗಿ ಒಂದು ಗಂಟೆ ವ್ಯರ್ಥವಾಯಿತು. ಆ ವಾದ ಎತ್ತಿದವನು ನಾನೇ ಎಂಬುದನ್ನು ಒಪ್ಪುತ್ತೇನೆ. ಆದ್ದರಿಂದ ಈ ಸಲ ಒಂದೇ ರಣರಂಗದಲ್ಲಿ ಎದುರಾದ ವಾಹನಗಳನ್ನು ಮಾತ್ರ ಹೋಲಿಸೋಣ.

ಕವಚದ ದಪ್ಪವನ್ನಷ್ಟೇ ಹೇಳಿದರೆ ಸಾಲದು, ಅದರ ಓರೆಯನ್ನೂ ಹೇಳಬೇಕು. ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34ರ ಮುಂಭಾಗದ ಉಕ್ಕು 45 ಮಿ.ಮೀ. ಮಾತ್ರ, ಆದರೆ ಅದು ಲಂಬದಿಂದ 60 ಡಿಗ್ರಿ ವಾಲಿರುವುದರಿಂದ, ನೆಲಕ್ಕೆ ಸಮಾಂತರವಾಗಿ ಬರುವ ಗುಂಡು 90 ಮಿ.ಮೀ. ಉಕ್ಕನ್ನು ದಾಟಬೇಕಾಗುತ್ತದೆ. ಮೂಲಂಗಿಯನ್ನು ಓರೆಯಾಗಿ ಹೆಚ್ಚಿದಾಗ ಬಿಲ್ಲೆ ಉದ್ದವಾಗುವುದನ್ನು ನೆನೆದರೆ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಟೈಗರ್‌ನ 100 ಮಿ.ಮೀ. ಮುಂಗವಚವು ಬಹುತೇಕ ನೆಟ್ಟಗಿತ್ತು, ತೂಕವೋ ಸುಮಾರು 57 ಟನ್. ನೆಲವನ್ನೂ ಮರೆಯಬಾರದು: 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ, ನೀರು ಹಾಯಿಸಿದ್ದ ಹೊಲಗಳ ಕೆಸರಿನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಹೂತುಕೊಂಡಾಗ, ಕಬ್ಬಿನ ಮರೆಯಲ್ಲಿ ಕಾದಿದ್ದ ಭಾರತದ ಸೆಂಚುರಿಯನ್ ಟ್ಯಾಂಕ್‌ಗಳು ಅವನ್ನು ಹೊಡೆದವು.

ಮಾದರಿಗಳು 1:35 ಅಳತೆಯವೇ (ನಿಜ ಟ್ಯಾಂಕಿನ 35ನೇ ಒಂದು ಭಾಗ) ಆಗಿರಲಿ. ಬೇರೆ ಬೇರೆ ಅಳತೆಯವನ್ನು ಪಕ್ಕಪಕ್ಕ ಇಟ್ಟರೆ ಕಣ್ಣು ಮೋಸಹೋಗುತ್ತದೆ. ಮಾತನಾಡುವವರು ತಾವು ಹೋಲಿಸುವ ಟ್ಯಾಂಕ್ ಜೋಡಿ ಯಾವುದೆಂದು ಶುಕ್ರವಾರ ರಾತ್ರಿ 9ರೊಳಗೆ ಇಲ್ಲಿಯೇ ತಿಳಿಸಿ, ಕೇಳಲು ಮಾತ್ರ ಬರುವವರು ‘ಬರುತ್ತೇನೆ’ ಎಂದು ಬರೆದರೆ ಸಾಕು. ಮಳೆಯ ಸೂಚನೆಯಿದ್ದರೆ ಭಾನುವಾರ ಬೆಳಿಗ್ಗೆ 8 ಗಂಟೆಗೆ ತಿಳಿಸಲಾಗುವುದು.