ಸೋರದ ಮಾಡಿನ ಕೆಳಗಿನಿಂದ ಒಂದು ನಮಸ್ಕಾರ

ಕಾಡಿನಂಚಿನ ಈ ಗುಡಿಸಲಿಗೆ ಒಂದು ವರ್ಷ ತುಂಬಿತು. ಮಳೆ, ಚಳಿ, ಬಿಸಿಲು ಮೂರನ್ನೂ ಒಂದೊಂದು ಸುತ್ತು ಕಂಡಿತು. ಮಾಡು ಸೋರಿಲ್ಲ, ಕಂಬ ವಾಲಿಲ್ಲ, ಹಾಸಿಗೆಗೆ ತೇವ ಏರಿಲ್ಲ. 10 ಅಡಿ ಅಗಲ, 12 ಅಡಿ ಉದ್ದದ ಈ ಜಾಗದಲ್ಲಿ ಯಾವ ಗಂಟು ನೋಡಿದರೂ ಅದನ್ನು ಹೇಳಿಕೊಟ್ಟವರ ಕೈ ಕಣ್ಣಮುಂದೆ ಬರುತ್ತದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನೀವು ಕಲಿಸಿದ್ದನ್ನು ಮಾತ್ರ ಅಳತೆ ಸಮೇತ ಇಲ್ಲಿ ಬರೆದಿಡುತ್ತೇವೆ. ಬರಿ ಧನ್ಯವಾದ ಅಂದರೆ ನಿಮ್ಮ ಋಣಕ್ಕೂ ಸಾಲದು, ಮುಂದೆ ಕಟ್ಟುವವರಿಗೂ ಉಪಯೋಗಕ್ಕೆ ಬಾರದು.

ಮೊದಲ ನಮಸ್ಕಾರ ಜಾಗದ ಒಡೆಯರಿಗೆ. ಎಲ್ಲಿ ಕಟ್ಟಬಹುದು, ಯಾವ ಮರ ಕಡಿಯಬಹುದು, ಬೆಂಕಿ ಎಲ್ಲಿ ಹಾಕಬಾರದು ಎಂಬುದನ್ನು ಮೊದಲೇ ಬರೆದು ಕೊಟ್ಟಿರಿ. ಆ ಕಾಗದ ಇಲ್ಲದೆ ಒಂದು ಗೂಟವನ್ನೂ ನೆಡಬಾರದು. ಕಾಡು ಯಾರದ್ದೋ ಆಗಿರುತ್ತದೆ, ಬಹಳ ಸಲ ಅದಕ್ಕೆ ಕಾನೂನೂ ಇರುತ್ತದೆ.

ಜಾಗ ನೋಡಿಕೊಟ್ಟ ಅಜ್ಜ, ನೆಲ ನೋಡುವ ಮೊದಲು ತಲೆ ಎತ್ತಿ ನೋಡಬೇಕು ಎಂಬುದು ನಿಮ್ಮ ಮೊದಲ ಪಾಠ. ಒಣಗಿ ನಿಂತ ಮರ, ಮುರಿದು ಇನ್ನೊಂದು ಕೊಂಬೆಗೆ ಸಿಕ್ಕಿಕೊಂಡ ಟೊಂಗೆ, ಇವು ಗಾಳಿಯಿಲ್ಲದ ದಿನವೂ ಬೀಳುತ್ತವೆ. ಒಣಮರ ಎಷ್ಟು ಎತ್ತರವೋ ಅದರ ಒಂದೂವರೆ ಪಟ್ಟು ದೂರ ಬಿಟ್ಟು ಕಟ್ಟಬೇಕು. ಆಮೇಲೆ ನೆಲ. ತಗ್ಗಿನಲ್ಲಿ ರಾತ್ರಿ ತಣ್ಣನೆಯ ಗಾಳಿ ಬಂದು ಕೂರುತ್ತದೆ, ದಿಣ್ಣೆಯ ತುದಿಯಲ್ಲಿ ಬಿರುಗಾಳಿ ಬಡಿಯುತ್ತದೆ. ಇಳಿಜಾರಿನ ನಡುಭಾಗವೇ ಸರಿ. ತರಗೆಲೆ, ಕಡ್ಡಿಗಳು ಒಂದೇ ಕಡೆಗೆ ಸಾಲುಗಟ್ಟಿ ಒತ್ತಿಕೊಂಡಿದ್ದರೆ ಅಲ್ಲಿ ಮಳೆಯಲ್ಲಿ ನೀರು ಹರಿದಿದೆ ಎಂದರ್ಥ. ಬೇಸಿಗೆಯಲ್ಲಿ ಎಷ್ಟೇ ಒಣಗಿ ಕಂಡರೂ ಆ ಜಾಗ ಬೇಡ. ಒಂದೂವರೆ ಅಡಿ ಗುಂಡಿ ತೋಡಿ ನೀರು ತುಂಬಿಸಿ, ಬೆಳಗಾಗುವುದರೊಳಗೆ ಇಂಗದಿದ್ದರೆ ಮುಂದೆ ನಡೆಯಿರಿ ಎಂದಿರಿ. ಗುಡಿಸಲಿನ ಮೇಲ್ಬದಿಗೆ ಒಂದಡಿ ಆಳದ ಕಾಲುವೆ ತೆಗೆಸಿದ್ದೂ ನೀವೇ. ಅದು ಗೋಡೆಯ ಬುಡದಲ್ಲಲ್ಲ, ಸೂರಿನ ನೀರು ಬೀಳುವ ಗೆರೆಯಿಂದ ಆಚೆ ಇರಬೇಕು. ಗೋಡೆಗೆ ಅಂಟಿಕೊಂಡು ತೋಡಿದರೆ ಆ ನೀರು ಕಂಬದ ಗುಂಡಿಗೇ ಇಳಿಯುತ್ತದೆ.

ಮರದ ಕೆಲಸ ತಿದ್ದಿದ ಬಡಗಿಯಣ್ಣ, ಕಂಬ ಕೊಳೆಯುವುದು ನೆಲದೊಳಗಿನ ತುದಿಯಲ್ಲಲ್ಲ, ಮಣ್ಣಿನ ಮಟ್ಟದಲ್ಲಿ ಎಂದು ನೀವು ತೋರಿಸಿದ್ದು ಈಗಲೂ ಕೆಲಸಕ್ಕೆ ಬರುತ್ತಿದೆ. ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ಆ ನಾಲ್ಕಾರು ಇಂಚಿನಲ್ಲಿ. ಬುಡ ಸುಟ್ಟು ನೆಟ್ಟರೆ ಸಾಕು ಎಂಬ ಮಾತನ್ನು ನೀವು ಒಪ್ಪಲಿಲ್ಲ. ಸುಟ್ಟ ಪದರ ತೆಳು, ಮರ ಒಣಗುತ್ತ ಬಿರಿದಾಗ ನೀರು ಆ ಬಿರುಕಿನಿಂದ ನೇರ ಒಳಗೆ ಹೋಗುತ್ತದೆ. ಬದಲಿಗೆ 2 ಅಡಿ ಗುಂಡಿ, ತಳಕ್ಕೆ 4 ಇಂಚು ಜಲ್ಲಿ, ಕಂಬದ ಸುತ್ತ ಚೂರುಕಲ್ಲು ತುಂಬಿ ಪದರ ಪದರವಾಗಿ ಕುಟ್ಟು, ಮೇಲೆ ನೀರು ಹೊರಕ್ಕೆ ಜಾರುವಂತೆ ಮಣ್ಣಿನ ದಿಬ್ಬ. ಕಂಬಕ್ಕೆ ಚೇಗು, ಅಂದರೆ ನಡುವಿನ ಗಟ್ಟಿ ತಿರುಳು, ತುಂಬಿದ 5-6 ಇಂಚು ದಪ್ಪದ ಮರ. ಚೇಗಿನ ಸುತ್ತ ಇರುವ ಬಿಳಿ ಭಾಗ ಎಂಥ ಗಟ್ಟಿ ಜಾತಿಯ ಮರದ್ದಾದರೂ ಮಣ್ಣಿನಲ್ಲಿ ಬಾಳುವುದಿಲ್ಲ. ತೊಗಟೆಯನ್ನು ಹಸಿಯಿರುವಾಗಲೇ ಸುಲಿಯಬೇಕು. ಬಿಟ್ಟರೆ ಅದರಡಿಯಲ್ಲಿ ತೇವ ನಿಲ್ಲುತ್ತದೆ, ಹುಳು ಸೇರುತ್ತದೆ, ಒಣಗಿದ ಮೇಲೆ ಸುಲಿಯಲು ಮೂರು ಪಟ್ಟು ಕಷ್ಟ. ಬಿದಿರು ಬಳಸುವವರು 3 ವರ್ಷ ದಾಟಿದ ಗಳವನ್ನೇ ಆರಿಸಬೇಕು, ಒಣಹವೆಯ ತಿಂಗಳುಗಳಲ್ಲಿ ಕಡಿಯಬೇಕು. ಎಳೆ ಬಿದಿರಿನಲ್ಲಿ, ಚಿಗುರುವ ಕಾಲದ ಬಿದಿರಿನಲ್ಲಿ ಕುಟ್ಟೆಹುಳು ಬೇಗ ಬೀಳುತ್ತದೆ. ಹುಳು ತಿನ್ನಲು ಬರುವುದು ಒಳಗಿರುವ ಪಿಷ್ಟವನ್ನು. ಮೂರ್ನಾಲ್ಕು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಆ ಪಿಷ್ಟ ಬಹುಪಾಲು ಬಿಟ್ಟುಹೋಗುತ್ತದೆ.

ಹಗ್ಗ ಕಟ್ಟುವುದನ್ನು ಕಲಿಸಿದ ತಮ್ಮ, ನಿನ್ನ ಒಂದೇ ಮಾತು ಇಡೀ ಚೌಕಟ್ಟನ್ನು ಉಳಿಸಿದೆ: ಭಾರ ಹೊರುವುದು ಮರ, ಹಗ್ಗ ಬರೀ ಜಾರದಂತೆ ಹಿಡಿಯುವುದು. ಅಡ್ಡತೊಲೆ ಕವಲಿನಲ್ಲಿ ಕೂತಿರಬೇಕು, ಇಲ್ಲವೇ ಕಂಬದ ದಪ್ಪದ ಕಾಲುಭಾಗದಷ್ಟು ಕೊರೆದ ಕಚ್ಚಿನಲ್ಲಿ. ಆಮೇಲೆ ಕಂಬ, ತೊಲೆ ಎರಡನ್ನೂ ಸುತ್ತುವರಿದು ಹಗ್ಗ ಮೂರು ಸುತ್ತು, ಕೊನೆಗೆ ಎರಡು ಮರಗಳ ನಡುವೆ ಆ ಸುತ್ತುಗಳ ಮೇಲೆಯೇ ಅಡ್ಡಲಾಗಿ ಎರಡು ಸುತ್ತು. ಬಿಗಿ ಬರುವುದು ಈ ಕೊನೆಯ ಎರಡರಿಂದಲೇ. ಅವನ್ನು ಬಿಟ್ಟರೆ ಎಷ್ಟು ಹಗ್ಗ ಸುತ್ತಿದರೂ ಅಲುಗಾಡುತ್ತದೆ. ಹಸಿ ಮರ ಒಣಗಿ ಸಣ್ಣದಾಗುತ್ತದೆ, ನಾರಿನ ಹಗ್ಗ ನೆಂದಾಗ ಬಿಗಿದು ಒಣಗಿದಾಗ ಸಡಿಲುತ್ತದೆ. ಆದ್ದರಿಂದ ಒಂದು ತಿಂಗಳ ನಂತರ ಪ್ರತಿ ಗಂಟನ್ನೂ ಅಲುಗಾಡಿಸಿ ನೋಡಿ ಹಗ್ಗದಡಿಗೆ ಒಣಮರದ ಬೆಣೆ ಬಡಿಯಬೇಕು. ಮೂಲೆಗಳಿಗೆ ಓರೆಯಾಗಿ ಗಳ ಕೊಡುವುದನ್ನು ಮರೆಯಬಾರದು. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ.

ಇನ್ನು ಮಾಡು. ಅಕ್ಕ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ನಿಮ್ಮ ಋಣವೇ ಎಲ್ಲಕ್ಕಿಂತ ದೊಡ್ಡದು.

ಹುಲ್ಲಿನ ಮಾಡು ನೀರನ್ನು ತಡೆಯುವುದಿಲ್ಲ, ಕೆಳಗಿಳಿಸುತ್ತದೆ. ಹನಿ ಒಂದು ಕಡ್ಡಿಯ ತುದಿಯಿಂದ ಕೆಳಗಿನ ಕಡ್ಡಿಗೆ, ಅಲ್ಲಿಂದ ಇನ್ನೊಂದಕ್ಕೆ ಜಾರುತ್ತ ಸೂರಿಗೆ ಬರುತ್ತದೆ. ಇಳಿಜಾರು ಸಾಕಷ್ಟಿಲ್ಲದಿದ್ದರೆ ಅದೇ ಹನಿ ಕಡ್ಡಿಯ ಗುಂಟ ಒಳಕ್ಕೆ ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಪ್ರತಿ ಸಿವುಡೂ (ಹುಲ್ಲಿನ ಕಟ್ಟು) ತನ್ನ ಕೆಳಗಿನ ಸಿವುಡಿನ ಮೇಲೆ ಮಲಗುವುದರಿಂದ ಕಡ್ಡಿಯ ಓರೆ ಪಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಮರದ) ಓರೆಗಿಂತ ಯಾವಾಗಲೂ ಕಡಿಮೆ. ಮಾಡು 45 ಡಿಗ್ರಿ ಇದ್ದರೆ ಹುಲ್ಲಿಗೆ ಅಷ್ಟು ಸಿಗುವುದಿಲ್ಲ. 45 ಎಂಬುದು ಕನಿಷ್ಠ, 50 ಇರಲಿ ಎಂದು ನೀವು ಹಟ ಹಿಡಿದದ್ದು ಇದಕ್ಕೇ. 10 ಅಡಿ ಅಗಲದ ಮನೆಗೆ ಗೋಡೆಯ ಮೇಲಿನ ತೊಲೆಯಿಂದ ನೆತ್ತಿಯ ತೊಲೆ 6 ಅಡಿ ಎತ್ತರ. ಹೊರಗೆ ಒಂದೂವರೆ ಅಡಿ ಸೂರು ಚಾಚಲು, ನೆತ್ತಿಯಲ್ಲಿ ಕತ್ತರಿಯಾಕಾರ ಕೂಡಲು ಸೇರಿ ಪಕಾಸು 11 ಅಡಿ ಬೇಕು. ಸೂರು ತೀರ ತಗ್ಗಾಯಿತು ಅನ್ನಿಸುತ್ತದೆ, ಆದರೆ ಗೋಡೆ ಉಳಿಯುವುದು ಅದರಿಂದ.

ಪಕಾಸಿನ ಮೇಲೆ ಅಡ್ಡಲಾಗಿ ಕಟ್ಟುವ ರೀಪು 8 ಇಂಚಿಗೊಂದು. ಹುಲ್ಲು ಪೂರ್ತಿ ಒಣಗಿರಬೇಕು, ಬಾಚಿ ಸಡಿಲ ಎಲೆಗಳನ್ನೆಲ್ಲ ತೆಗೆದಿರಬೇಕು. ಸಡಿಲ ಎಲೆ ನೀರನ್ನು ಹೀರಿಕೊಂಡು ಕೂರುತ್ತದೆ, ಕೊಳೆ ಶುರುವಾಗುವುದು ಅಲ್ಲಿಂದಲೇ. ಸೂರಿನಿಂದ ಮೇಲಕ್ಕೆ ಹೊದಿಸುತ್ತ ಹೋಗಬೇಕು, ಬುಡ ಕೆಳಗೆ, ತುದಿ ಮೇಲೆ. ಸೂರಿನ ಮೊದಲ ಸಾಲು ಎರಡು ಪದರ. ಪ್ರತಿ ಸಾಲಿನ ಮೇಲೆ ಒಂದು ದಬ್ಬೆ (ಸೀಳಿದ ಬಿದಿರು) ಒತ್ತಿ ರೀಪಿಗೆ ಬಿಗಿಯಬೇಕು, ಮೇಲಿನ ಸಾಲು ಆ ದಬ್ಬೆಯನ್ನೂ ಕಟ್ಟನ್ನೂ ಪೂರ್ತಿ ಮುಚ್ಚಬೇಕು. ಒಂದೇ ಒಂದು ಕಟ್ಟು ಹೊರಗೆ ಕಂಡರೂ ಸಾಕು, ನೀರು ಹಗ್ಗ ಹಿಡಿದು ಒಳಗಿಳಿಯುತ್ತದೆ. ಒಟ್ಟು ದಪ್ಪ 10ರಿಂದ 12 ಇಂಚು. ಜೋರು ಮಳೆ ನಿಂತ ಮೇಲೆ ಕೈ ತೂರಿಸಿ ನೋಡಿದರೆ ಮೇಲಿನ ಒಂದೆರಡು ಇಂಚು ಮಾತ್ರ ಒದ್ದೆಯಾಗಿರಬೇಕು. ಅದಕ್ಕಿಂತ ಆಳಕ್ಕೆ ತೇವ ಹೋಗಿದ್ದರೆ ಆ ಭಾಗದಲ್ಲಿ ಹುಲ್ಲು ಸಡಿಲ ಇದೆ, ಅಥವಾ ಇಳಿಜಾರು ಬಗ್ಗಿದೆ.

ಹುಲ್ಲಿನಡಿಗೆ ಪ್ಲಾಸ್ಟಿಕ್ ಹಾಳೆ ಹಾಕಿಬಿಡಿ, ಚಿಂತೆ ಇರುವುದಿಲ್ಲ ಎಂದವರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನೀವು ಬೇಡವೆಂದಿರಿ, ಕಾರಣವನ್ನೂ ಹೇಳಿದಿರಿ. ಹುಲ್ಲು ಎರಡೂ ಕಡೆಯಿಂದ ಒಣಗಬೇಕು. ಕೆಳಗೆ ಹಾಳೆ ಅಂಟಿಕೊಂಡಿದ್ದರೆ ಇಳಿದ ತೇವ ಅಲ್ಲೇ ನಿಂತು ಹುಲ್ಲು ಒಳಗಿನಿಂದ ಕಪ್ಪಾಗುತ್ತದೆ, ಒಳಗಿನ ಉಸಿರಿನ ಆವಿ ಹಾಳೆಗೆ ತಾಕಿ ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತದೆ.

ಗೋಡೆಗೆ ತಟ್ಟಿ ಹೆಣೆದು ಮಣ್ಣು ಮೆತ್ತಿದ್ದು. ಇದರಲ್ಲಿ ಗೊತ್ತಿರಬೇಕಾದದ್ದು ಒಂದೇ: ಜೇಡಿ ಹೆಚ್ಚಾದರೆ ಬಿರುಕು, ಮರಳು ಹೆಚ್ಚಾದರೆ ಉದುರು. ಒಂದು ಪಾಲು ಜೇಡಿಗೆ ಎರಡು ಮೂರು ಪಾಲು ಮರಳು, ಅಂಗೈಯುದ್ದ ಕತ್ತರಿಸಿದ ಹುಲ್ಲು. ಉಂಡೆ ಮಾಡಿ ಎದೆಯೆತ್ತರದಿಂದ ಬೀಳಿಸಿದಾಗ ಪುಡಿಯಾದರೆ ಜೇಡಿ ಸಾಲದು, ರೊಟ್ಟಿಯಂತೆ ಹರಡಿದರೆ ನೀರು ಹೆಚ್ಚು. ಮೊದಲ ಪದರ ಬಿರಿಯುವುದು ಸಹಜ. ಬಿರುಕನ್ನು ಒದ್ದೆ ಮಾಡಿ ಎರಡನೆಯ ತೆಳು ಪದರ ಎಳೆದರೆ ಮುಚ್ಚುತ್ತದೆ.

ಒಲೆಯ ಬಗ್ಗೆ ಎಚ್ಚರಿಸಿದ ದಾದಿಯಮ್ಮನಿಗೆ ಪ್ರತ್ಯೇಕ ನಮಸ್ಕಾರ. ಹೊಗೆ ಕಣ್ಣಿಗೆ ಗೊತ್ತಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಗೊತ್ತಾಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಿಲ್ಲದ ಕೆಂಡವೇ ಹೆಚ್ಚು ಮೋಸ ಮಾಡುವುದು, ಚಳಿಗೆಂದು ಬುಟ್ಟಿಯಲ್ಲಿ ಕೆಂಡ ತಂದಿಟ್ಟು ಬಾಗಿಲು ಮುಚ್ಚಿ ಮಲಗುವುದಂತೂ ಸಾವನ್ನು ಕರೆದಂತೆ. ತಲೆನೋವು, ವಾಕರಿಕೆ, ಮಂಪರು ಬಂದರೆ ಕಾರಣ ಹುಡುಕುತ್ತ ಕೂರದೆ ಮೊದಲು ಹೊರಗೆ ಬರಬೇಕು. ಒಲೆಯ ಮಟ್ಟದಲ್ಲಿ ಗಾಳಿ ಒಳಬರಲು ಒಂದು ಕಿಂಡಿ, ಗೋಡೆಯ ತ್ರಿಕೋನದ ತುದಿಯಲ್ಲಿ ಹೊಗೆ ಹೋಗಲು ಅದಕ್ಕಿಂತ ದೊಡ್ಡದೊಂದು. ಕೆಳಗಿನ ಕಿಂಡಿ ಮುಚ್ಚಿದರೆ ಮೇಲಿನದೂ ಎಳೆಯುವುದಿಲ್ಲ. ಮಲಗುವ ಮೊದಲು ಬೆಂಕಿ ಪೂರ್ತಿ ಆರಿರಬೇಕು, ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಬ್ಯಾಟರಿಯ ಅಲಾರಂ ಒಂದಿರಲೇಬೇಕು. ಕೈಯಿಂದ ಕಟ್ಟಿದ ಮನೆಯಲ್ಲಿ ಅಂಥ ಯಂತ್ರ ಯಾಕೆ ಎನ್ನುವವರ ಮಾತು ನಾವು ಒಪ್ಪುವುದಿಲ್ಲ. ಒಲೆಗೆ ಹೊಳೆಯ ಕಲ್ಲು ಬೇಡ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಸೌದೆಯನ್ನು ಸೀಳಿ, ನೆಲದಿಂದ ಎತ್ತರಿಸಿ, ಮೇಲೆ ಮಾತ್ರ ಮುಚ್ಚಿ ಆರು ತಿಂಗಳಾದರೂ ಗಾಳಿಗೆ ಬಿಡಬೇಕು. ಎರಡು ತುಂಡು ತಾಕಿಸಿದಾಗ ‘ಠಣ್’ ಎಂದರೆ ಒಣಗಿದೆ, ‘ದಬ್’ ಎಂದರೆ ಇಲ್ಲ.

ಕೊಡಲಿಗೆ ಕಾವು ಕೂರಿಸಲು ಕಲಿಸಿದ ಮಾವ, ನಿಮ್ಮ ಕೈಕೆಲಸ ದಿನವೂ ಕೈಯಲ್ಲಿದೆ. ಕಾವಿನ ಮರವನ್ನು ಗರಗಸದಿಂದ ಕೊಯ್ಯಬಾರದು, ಸೀಳಬೇಕು. ಸೀಳಿದರೆ ನಾರು ತುದಿಯಿಂದ ತುದಿಗೆ ಕಡಿಯದೆ ಹರಿದಿರುತ್ತದೆ, ಕೊಯ್ದರೆ ನಾರು ಓರೆಯಾಗಿ ಹೊರಗೆ ಬಂದು ಅಲ್ಲೇ ಮುರಿಯುತ್ತದೆ. ಕಾವು ಚೆನ್ನಾಗಿ ಒಣಗಿದ ಮೇಲೆಯೇ ಕೂರಿಸುವುದು. ತಲೆಗೆ ಹೊಂದಿಸಿ, ಕೊಡಲಿಯನ್ನು ತಲೆಕೆಳಗಾಗಿ ಎತ್ತಿ ಹಿಡಿದು ಕಾವಿನ ಬುಡಕ್ಕೆ ಮರದ ಸುತ್ತಿಗೆಯಿಂದ ಹೊಡೆದರೆ ತಲೆ ತಾನಾಗಿ ಕಾವಿನ ಮೇಲೇರುತ್ತದೆ. ನೋಡಿದವರಿಗೆ ನಂಬಿಕೆ ಬರುವುದಿಲ್ಲ, ಆದರೆ ಭಾರದ ಕಬ್ಬಿಣ ಇದ್ದಲ್ಲೇ ಇರುತ್ತದೆ, ಕಾವು ಮಾತ್ರ ಮುಂದೆ ಹೋಗುತ್ತದೆ. ಕಾವಿನ ಮೇಲ್ತುದಿಯ ಸೀಳಿನಲ್ಲಿ ಗಟ್ಟಿ ಮರದ ಬೆಣೆ. ಸಡಿಲಾದ ಕೊಡಲಿಯನ್ನು ನೀರಿನಲ್ಲಿ ನೆನೆಸಿಡುವ ರೂಢಿಯನ್ನು ನೀವು ಬಿಡಿಸಿದಿರಿ. ನೆಂದ ಮರ ಉಬ್ಬುತ್ತದೆ ನಿಜ, ಆದರೆ ಕಬ್ಬಿಣದ ತೂತು ಉಬ್ಬಲು ಜಾಗ ಕೊಡದಿದ್ದಾಗ ನಾರು ಒಳಗೇ ಜಜ್ಜಿಹೋಗುತ್ತದೆ, ಒಣಗಿದಾಗ ಮೊದಲಿಗಿಂತ ಸಡಿಲ. ಬೆಣೆ ಬದಲಿಸುವುದೊಂದೇ ದಾರಿ.

ನೀರಿನ, ಶೌಚದ ಪಾಠ ಹೇಳಿದವರಿಗೂ ನಮಸ್ಕಾರ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಾದರೆ 3 ನಿಮಿಷ. ಕುದಿಸಿದರೆ ರೋಗಾಣು ಸಾಯುತ್ತವೆ, ವಿಷದ ರಾಸಾಯನಿಕ ಹೋಗುವುದಿಲ್ಲ. ಪ್ರತಿ ಸಲ ತೋಡಿ ಮುಚ್ಚುವ ಶೌಚದ ಗುಂಡಿ 6-8 ಇಂಚು ಆಳ, ನೀರಿನಿಂದ 60 ಮೀಟರ್ ದೂರ. ಹಾಸಿಗೆ ನೆಲದಿಂದ ಒಂದೂವರೆ ಅಡಿ ಎತ್ತರದ ಮಂಚದ ಮೇಲೆ. ದೇಹದ ಬಿಸಿಯನ್ನು ತಣ್ಣನೆಯ ನೆಲ ಎಳೆದುಕೊಳ್ಳುವಷ್ಟು ಬೇಗ ಗಾಳಿಯೂ ಎಳೆದುಕೊಳ್ಳುವುದಿಲ್ಲ.

ಈ ಮಳೆಗೆ ಮುಂಚೆ ನೆತ್ತಿಯ ಹುಲ್ಲು ಬದಲಿಸಬೇಕು. ಉಳಿದ ಮಾಡು ಚೆನ್ನಾಗಿದೆ, ಆದರೆ ನೆತ್ತಿಯಲ್ಲಿ ಹುಲ್ಲು ಬಾಗಿ ಎರಡೂ ಕಡೆ ಇಳಿಯುವುದರಿಂದ ಅಲ್ಲಿ ಇಳಿಜಾರೇ ಇಲ್ಲ, ಸವೆಯುವುದು ಅದೇ ಮೊದಲು. 40 ಸಿವುಡು ಬಾಚಿ ಒಣಗಿಸಿಟ್ಟಿದ್ದೇವೆ, ಚುಚ್ಚಲು ಬಿದಿರಿನ ಕಡ್ಡಿಗಳೂ ಚೂಪಾಗಿ ತಯಾರಿವೆ. ಅಕ್ಕ, ಮೊದಲ ಸಿವುಡು ನಿಮ್ಮ ಕೈಯಿಂದಲೇ ಬೀಳಬೇಕು. ಏಣಿಯನ್ನು ನಾವು ಹಿಡಿದಿರುತ್ತೇವೆ.