ವಾಲ್ವ್ ಕಟ್ಟಿದ ಕೆಲಸವೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ರೇಡಿಯೊದ ಚರಿತ್ರೆ ಬರೆಯುವಾಗ ಶೋಧಕರ ಹೆಸರುಗಳು ತಪ್ಪದೆ ಬರುತ್ತವೆ. ಆದರೆ ಹಳೆಯ ರೇಡಿಯೊಗಳೊಳಗಿನ ವಾಲ್ವನ್ನು, ಅಂದರೆ ಗಾಳಿ ಹೊರತೆಗೆದು ಮುಚ್ಚಿದ ಗಾಜಿನ ಕೊಳವೆಯನ್ನು, ಕಟ್ಟಿದ ಬಗೆ ಬಿಟ್ಟುಹೋಗುತ್ತದೆ ಎಂಬುದು ನನ್ನ ಬೇಸರ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ರೂಪಿಸಿದ ವಾಲ್ವಿನಲ್ಲಿ ಕಾದ ತಂತು ಮತ್ತು ಲೋಹದ ಪ್ಲೇಟು ಮಾತ್ರ ಇದ್ದವು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅವೆರಡರ ನಡುವೆ ಅಂಕುಡೊಂಕಾಗಿ ಬಾಗಿಸಿದ ತಂತಿಯೊಂದನ್ನು, ಅಂದರೆ ಗ್ರಿಡ್ಡನ್ನು, ಇಟ್ಟರು. ಆದರೆ ಗಾಜಿನೊಳಗೆ ಒಂದಿಷ್ಟು ಅನಿಲ ಉಳಿದಿರಲೇಬೇಕೆಂದು ಅವರು ನಂಬಿದ್ದರಿಂದ, ಆಡಿಯಾನ್ ಎಂಬ ಹೆಸರಿನ ಅವರ ಆ ವಾಲ್ವುಗಳು ಒಂದು ಇನ್ನೊಂದರಂತೆ ಕೆಲಸ ಮಾಡುತ್ತಿರಲಿಲ್ಲ. ಜನರಲ್ ಎಲೆಕ್ಟ್ರಿಕ್‌ನ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಮತ್ತು ವೆಸ್ಟರ್ನ್ ಎಲೆಕ್ಟ್ರಿಕ್‌ನ ಹೆರಾಲ್ಡ್ ಆರ್ನಾಲ್ಡ್ ಬೇರೆ ಬೇರೆಯಾಗಿ ದುಡಿದು, ಗಾಜು ಮತ್ತು ಲೋಹದಲ್ಲಿ ಅಡಗಿದ್ದ ಅನಿಲವನ್ನೂ ಕಾಯಿಸಿ ಹೊರಗೆಳೆದ ಮೇಲೆಯೇ ವಾಲ್ವ್ ನಂಬಿಕೆಗೆ ಅರ್ಹವಾಯಿತು. 1915ರಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ನಡುವಿನ ದೂರವಾಣಿ ಮಾತನ್ನು ದಾಟಿಸಿದ್ದು ಇಂಥ ವಾಲ್ವುಗಳೇ. ಗಾಜನ್ನು ಹಾಯುವ ತಂತಿಗೆ ಮೊದಲು ದುಬಾರಿ ಪ್ಲಾಟಿನಂ ಬಳಸಿದ್ದೂ ಕಾರಣವಿಲ್ಲದೆ ಅಲ್ಲ: ಅದು ಕಾದಾಗ ಹೆಚ್ಚುಕಡಿಮೆ ಗಾಜಿನಷ್ಟೇ ಹಿಗ್ಗುವುದರಿಂದ ಬೆಸುಗೆ ಬಿರುಕು ಬಿಡುತ್ತಿರಲಿಲ್ಲ.

ನಮ್ಮ ಮನೆಯ ಹಳೆಯ ವಾಲ್ವ್ ರೇಡಿಯೊ ತೆರೆದಾಗ, ಗಾಜಿನ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಲೆಯೊಂದು ಕಾಣುತ್ತದೆ. ಅದು ಉಳಿದ ಅನಿಲವನ್ನು ಹೀರಲು ಆವಿಯಾಗಿಸಿ ಕೂರಿಸಿದ ಬೇರಿಯಂ ಲೇಪ. ಗಾಳಿ ಹೊಕ್ಕರೆ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಒಂದು ವಾಲ್ವ್ ಹಾಗೆ ಬಿಳಿಚಿದ್ದನ್ನು ಕಂಡು ನಿಜಕ್ಕೂ ಸಂಕಟಪಟ್ಟಿದ್ದೇನೆ. ವಿಜ್ಞಾನ ಪುಟದಲ್ಲಿ ಇಂಥ ವಿವರಗಳಿಗೂ ಜಾಗ ಕೊಡಬೇಕೆಂದು ವಿನಂತಿ.

– ಓದುಗರೊಬ್ಬರು, ಧಾರವಾಡ