ವೀಸಾ ಕಾಗದ ನೋಡಿಕೊಡಲು ಜಿಲ್ಲೆಯಲ್ಲೊಂದು ಮೇಜು ಬೇಕು

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ದುಡಿಯಲು ವೀಸಾ ಕೊಡಿಸುತ್ತೇವೆ ಎನ್ನುವ ಫಲಕಗಳು ನಮ್ಮ ದಾವಣಗೆರೆಯಲ್ಲಿ ಈಗ ಕೋಚಿಂಗ್ ಸೆಂಟರ್‌ಗಳ ಫಲಕಗಳ ಪಕ್ಕದಲ್ಲೇ ತೂಗಾಡುತ್ತಿವೆ. ಅಂಥದೊಂದು ಕಚೇರಿಯ ಮೆಟ್ಟಿಲು ಹತ್ತಿ ಇಳಿದವನು ನಾನು. ಸಹಕಾರಿ ಬ್ಯಾಂಕೊಂದರಲ್ಲಿ ಮೂವತ್ನಾಲ್ಕು ವರ್ಷ ಲೆಕ್ಕ ಬರೆದು ನಿವೃತ್ತನಾದ ನಾನೇ ಈ ಕಾಗದಪತ್ರಗಳಲ್ಲಿ ಎಡವಿದೆನೆಂದ ಮೇಲೆ, ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಗಳಿಂದ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಂದಿರ ಪಾಡೇನು ಎಂಬ ಯೋಚನೆಯೇ ಈ ಪತ್ರಕ್ಕೆ ಕಾರಣ.

ನನ್ನ ಮಗಳು ಎಂ.ಕಾಂ. ಮುಗಿಸಿ ಇಲ್ಲಿಯ ಲೆಕ್ಕಪರಿಶೋಧಕರೊಬ್ಬರ ಬಳಿ ಕೆಲಸಕ್ಕಿದ್ದಳು. ಭಾರತ ಮತ್ತು ಬ್ರಿಟನ್ ಸರ್ಕಾರಗಳ ಒಪ್ಪಂದದಂತೆ 2023ರಲ್ಲಿ ಆರಂಭವಾದ ಯಂಗ್ ಪ್ರೊಫೆಷನಲ್ಸ್ ಸ್ಕೀಮ್‌ನಲ್ಲಿ 18ರಿಂದ 30 ವರ್ಷದೊಳಗಿನ ಪದವೀಧರರು, ಕೈಯಲ್ಲಿ ಕೆಲಸದ ಆದೇಶ ಇಲ್ಲದಿದ್ದರೂ, ಆ ದೇಶಕ್ಕೆ ಹೋಗಿ ಎರಡು ವರ್ಷ ದುಡಿಯಲು ಅವಕಾಶವಿದೆ. ಇಡೀ ಭಾರತಕ್ಕೆ ವರ್ಷಕ್ಕೆ 3,000 ಸ್ಥಾನಗಳಷ್ಟೇ ಇರುವುದರಿಂದ ಬ್ರಿಟನ್ ಸರ್ಕಾರದವರು ಚೀಟಿ ಎತ್ತುತ್ತಾರೆ. ಅದಕ್ಕೆ ಬ್ಯಾಲೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ಫೆಬ್ರುವರಿಯಲ್ಲೊಮ್ಮೆ, ಜುಲೈನಲ್ಲೊಮ್ಮೆ, ಎರಡೇ ದಿನ ತೆರೆದಿರುವ ಸರ್ಕಾರಿ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ವಿವರ ಮತ್ತು ಅದರ ಚಿತ್ರ ಹಾಕಿದರೆ ಮುಗಿಯಿತು. ಎರಡು ವಾರದೊಳಗೆ ಇಮೇಲ್ ಬರುತ್ತದೆ. ಇದಕ್ಕೆ ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ.

ನಾನು ಮೆಟ್ಟಿಲು ಹತ್ತಿದ ಕಚೇರಿಯವರು ಇದೇ ಕೆಲಸಕ್ಕೆ ಅರವತ್ತು ಸಾವಿರ ಕೇಳಿದರು. ‘ನಮ್ಮ ಮೂಲಕ ಹಾಕಿದರೆ ಹೆಸರು ಬರುವ ಸಂಭವ ಜಾಸ್ತಿ ಸರ್’ ಎಂದು ಚಹಾ ತರಿಸಿಕೊಟ್ಟು ಹೇಳಿದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ತಿಂಗಳ ಗುರಿ ಎಂಬುದೊಂದು ಇರುತ್ತದೆ. ಆದರೆ ಯಾರ ಮೂಲಕ ಹಾಕಿದರೂ ಈ ಚೀಟಿ ಒಂದೇ, ಒಬ್ಬರಿಗೆ ಒಂದು ಸಲಕ್ಕೆ ಒಂದೇ ಅರ್ಜಿ, ಅಂಕ, ಅನುಭವ, ಶಿಫಾರಸು ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ ಎಂಬುದನ್ನು ಅಲ್ಲಿ ಯಾರೂ ನಮಗೆ ಹೇಳಲಿಲ್ಲ. ಮಗಳೇ ಆ ಜಾಲತಾಣವನ್ನು ಓದಿ ನನ್ನನ್ನು ಕೆಳಗಿಳಿಸಿಕೊಂಡು ಬಂದಳು.

2023ರ ಜುಲೈನಲ್ಲಿ ಹೆಸರು ಬರಲಿಲ್ಲ. 2024ರ ಫೆಬ್ರುವರಿ 20ರಂದು ಮಧ್ಯಾಹ್ನ ಎರಡೂವರೆಗೆ ಜಾಲತಾಣ ತೆರೆದಾಗ ಊಟದ ಬಿಡುವಿನಲ್ಲಿ ಕುಳಿತು ಮತ್ತೆ ಹಾಕಿದಳು, ಬರಲಿಲ್ಲ. ಆ ವರ್ಷದ ಜುಲೈನಲ್ಲೂ ಇಲ್ಲ. ಏಕೆ ಬರಲಿಲ್ಲ ಎಂದು ಕೇಳಲು ಬಾಗಿಲೇ ಇಲ್ಲದ ವ್ಯವಸ್ಥೆ ಇದು. ಪರೀಕ್ಷೆಯಲ್ಲಿ ನಪಾಸಾದವರಿಗೆ ಎಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ, ಚೀಟಿಯಲ್ಲಿ ಬಿಟ್ಟುಹೋದವರಿಗೆ ಅದೂ ಇಲ್ಲ. ಮನೆಯ ಮುಂದೆ ಹಾದುಹೋಗುವವರು ‘ಏನಮ್ಮಾ, ಲಂಡನ್ ಏನಾಯ್ತು?’ ಎಂದು ಕೇಳುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಇಂಥಲ್ಲಿ ಛಲ ಎಂಬ ಮಾತಿಗೆ ಅರ್ಥವೇನೆಂದು ನಾನೂ ಯೋಚಿಸಿದ್ದುಂಟು, ಏಕೆಂದರೆ ಅರ್ಜಿ ತುಂಬುವುದು ಹತ್ತು ನಿಮಿಷದ ಕೆಲಸ. ಮಗಳ ಛಲವನ್ನು ನಾನು ಕಂಡದ್ದು ಒಂದು ಚೀಟಿಗೂ ಇನ್ನೊಂದಕ್ಕೂ ನಡುವಿನ ಆರಾರು ತಿಂಗಳಲ್ಲಿ. ಸಂಬಳದಿಂದ ತಿಂಗಳಿಗೆ ಇಷ್ಟೆಂದು ಎತ್ತಿಟ್ಟಳು, ಪದವಿ ಪ್ರಮಾಣಪತ್ರ ಪಡೆದುಕೊಂಡಳು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಆಗಿದ್ದದ್ದು ಪಾಸ್‌ಪೋರ್ಟ್‌ನಲ್ಲಿ ನನ್ನ ಪೂರ್ತಿ ಹೆಸರಾಗಿ ಹಿಗ್ಗಿರುವುದಕ್ಕೆ ನೋಟರಿ ಬಳಿ ಪ್ರಮಾಣಪತ್ರ ಮಾಡಿಸಿಟ್ಟುಕೊಂಡಳು. (ಊರಿನ ಹೆಸರು, ಅಪ್ಪನ ಹೆಸರು ಸೇರಿಸಿ ಎರಡಕ್ಷರದ ಇನಿಷಿಯಲ್ ಬರೆಯುವ ನಮ್ಮ ಪದ್ಧತಿ ‘ಸರ್‌ನೇಮ್’ ಕೇಳುವ ಅರ್ಜಿಗಳ ಮುಂದೆ ಪಡುವ ಪಾಡನ್ನು ಬೇರೊಂದು ಪತ್ರದಲ್ಲೇ ಬರೆಯಬೇಕು.)

ನಾಲ್ಕನೆಯ ಸಲ, 2025ರ ಫೆಬ್ರುವರಿಯ ಚೀಟಿಯಲ್ಲಿ, ಹೆಸರು ಬಂತು. ಆ ಇಮೇಲ್ ವೀಸಾ ಅಲ್ಲ. ವೀಸಾಕ್ಕೆ ಅರ್ಜಿ ಹಾಕಲು ಕೊಡುವ 90 ದಿನಗಳ ಗಡುವು ಮಾತ್ರ. ಅಷ್ಟರೊಳಗೆ 2,530 ಪೌಂಡ್, ಅಂದರೆ ಆಗಿನ ದರದಲ್ಲಿ ಸುಮಾರು ಎರಡೂಮುಕ್ಕಾಲು ಲಕ್ಷ ರೂಪಾಯಿ, ಖಾತೆಯಲ್ಲಿ ಸತತ 28 ದಿನ ಇದ್ದುದನ್ನು ತೋರಿಸಬೇಕು. ಮಾರ್ಚ್ 10ರಂದು ಮಗಳ ಹಾಗೂ ನನ್ನ ಜಂಟಿ ಖಾತೆಗೆ ಹಣ ತುಂಬಿದೆವು. ಏಪ್ರಿಲ್ 6ಕ್ಕೆ ದಿನ ತುಂಬುತ್ತಿತ್ತು. ಮಾರ್ಚ್ 31ರ ಬೆಳಿಗ್ಗೆ ಊರಿನಿಂದ ತಮ್ಮ ಫೋನ್ ಮಾಡಿ, ಬೋರ್‌ವೆಲ್ ಮೋಟಾರ್ ಸುಟ್ಟಿದೆ, ವೈಂಡಿಂಗ್ ಆಗದಿದ್ದರೆ ಅಡಿಕೆ ಗಿಡಗಳು ಒಣಗುತ್ತವೆ ಎಂದ. ನಾಲ್ಕು ದಿನದಲ್ಲಿ ವಾಪಸ್ ಹಾಕಿದರಾಯಿತೆಂದು ಎಂಟು ಸಾವಿರ ತೆಗೆದು ಕಳುಹಿಸಿದೆ, ಹಾಗೆಯೇ ಹಾಕಿದೆ ಕೂಡ. ಜೀವನವಿಡೀ ಇತರರಿಗೆ ‘ಮಿನಿಮಮ್ ಬ್ಯಾಲೆನ್ಸ್ ನೋಡಿಕೊಳ್ಳಿ’ ಎಂದು ಹೇಳಿದವನು ನಾನು! ಒಂದೇ ಒಂದು ದಿನ ಮೊತ್ತ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆಂದು ಮಗಳು ಪಾಸ್‌ಬುಕ್ ತೆರೆದು ತೋರಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಏಪ್ರಿಲ್ 4ರಿಂದ ಹೊಸ ಎಣಿಕೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ನನ್ನಾಕೆ ದಿನಕ್ಕೊಂದರಂತೆ ಪೆನ್ಸಿಲ್ ಗೀಟು ಹಾಕುತ್ತಾ ಬಂದಳು. ಅಷ್ಟರಲ್ಲಿ, ಏಪ್ರಿಲ್ 9ರಿಂದ, 298 ಪೌಂಡ್ ಇದ್ದ ಅರ್ಜಿ ಶುಲ್ಕ 319 ಪೌಂಡ್‌ಗೆ ಏರಿತು. ಅದರ ಜೊತೆಗೆ ಎರಡು ವರ್ಷದ ಆರೋಗ್ಯ ಶುಲ್ಕವೆಂದು 1,552 ಪೌಂಡ್ ಮುಂಗಡ ಕಟ್ಟಬೇಕಿತ್ತು. ಅದು ಬೇರೆ ಒಂದೂಮುಕ್ಕಾಲು ಲಕ್ಷದ ಮಾತು.

ಇನ್ನು ಕ್ಷಯರೋಗ ಪರೀಕ್ಷೆ. ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಎಕ್ಸ್‌ರೇ ಯಂತ್ರಕ್ಕೇನೂ ಬರವಿಲ್ಲ, ಆದರೆ ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್ಕಿನ ಪ್ರಮಾಣಪತ್ರವೇ ಆಗಬೇಕು. ಅದಕ್ಕೊಮ್ಮೆ, ಬೆರಳಚ್ಚು ಕೊಡಲು ಇನ್ನೊಮ್ಮೆ ಬೆಂಗಳೂರಿಗೆ ಹೋಗಿ ಬಂದೆವು. ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಸುವಂತೆ ದಿನ ಗೊತ್ತುಮಾಡಿಕೊಳ್ಳಬಹುದಿತ್ತೆಂಬುದು ನಮಗೆ ಹೊಳೆದದ್ದು ಎರಡನೆಯ ಸಲ ರೈಲಿನಲ್ಲಿ ಕುಳಿತಾಗ. ವೀಸಾ ಬಂತು. ಮಗಳು ಮೊದಲ ಎರಡು ತಿಂಗಳು ಅಲ್ಲಿಯ ಗೋದಾಮೊಂದರಲ್ಲಿ ಪೊಟ್ಟಣ ಕಟ್ಟಿ, ಆಮೇಲೆ ಲೆಕ್ಕಪತ್ರದ ಕೆಲಸ ಹಿಡಿದಳು. ಈ ವೀಸಾವನ್ನು ವಿಸ್ತರಿಸಲು ಬರುವುದಿಲ್ಲ, ಇದರ ಮೇಲೆ ಕುಟುಂಬದವರನ್ನು ಕರೆದೊಯ್ಯಲೂ ಬರುವುದಿಲ್ಲ. ಇದನ್ನು ಮೊದಲೇ ತಿಳಿದು ಹೊರಟವರಿಗೆ ಅಲ್ಲಿ ಹೋದ ಮೇಲೆ ಎದೆ ಒಡೆಯುವುದಿಲ್ಲ.

ನನ್ನ ಆಗ್ರಹ ಇಷ್ಟೇ. ಚೀಟಿಯಲ್ಲಿ ಯಾರ ಹೆಸರು ಬರಬೇಕೆಂಬುದು ನಮ್ಮ ಸರ್ಕಾರದ ಕೈಯಲ್ಲಿಲ್ಲ. ಆದರೆ ಹೆಸರು ಬಂದ ಮೇಲೆ ಒಂದು ಪಾಸ್‌ಬುಕ್ ನಮೂದಿನಿಂದಲೋ, ಹೆಸರಿನ ಒಂದಕ್ಷರದಿಂದಲೋ ಅವಕಾಶ ಕೈತಪ್ಪುವುದನ್ನು ತಡೆಯಬಹುದು. ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ವಿದೇಶಕ್ಕೆ ದುಡಿಯಲು ಹೋಗುವವರಿಗಾಗಿಯೇ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ, ಅದಿರುವುದು ಬೆಂಗಳೂರಿನಲ್ಲಿ. ಅದರ ಒಂದು ಮೇಜನ್ನು ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗಳಲ್ಲಿ, ವಾರಕ್ಕೆ ಒಂದು ದಿನವಾದರೂ ಹಾಕಿಸಬೇಕು. ಯಾವ ಅರ್ಜಿಗೆ ಶುಲ್ಕವಿದೆ, ಯಾವುದಕ್ಕಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ವಿದೇಶದಲ್ಲಿ ನೌಕರಿ ಕೊಡಿಸುವ ಏಜೆಂಟರು 1983ರ ವಲಸೆ ಕಾಯ್ದೆಯಂತೆ ನೋಂದಣಿ ಮಾಡಿಸಿರಬೇಕು, ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ಜಿಎಸ್‌ಟಿ ಬಿಟ್ಟು 30,000 ರೂಪಾಯಿಯ ಮಿತಿಯಿದೆ ಎಂಬುದೂ ಆ ಗೋಡೆಯ ಮೇಲೆ ಇರಲಿ.

ಕೆಲಸ ತಿಳಿದ ಸಿಬ್ಬಂದಿ ಸಿಗುವವರೆಗೆ ಶನಿವಾರದ ಹೊತ್ತು ಅಲ್ಲಿ ಕುಳಿತು ಬಂದವರ ಕಾಗದಗಳನ್ನು ನೋಡಿಕೊಡಲು ನಾನು ಸಿದ್ಧನಿದ್ದೇನೆ. ಮಗಳ ಅರ್ಜಿಯ ಪೂರ್ತಿ ಕಡತದ ಜೆರಾಕ್ಸ್ ನನ್ನ ಬಳಿ ಇದೆ, ಮಾರ್ಚ್ 31ರ ಆ ಎಂಟು ಸಾವಿರದ ಸಾಲೂ ಸೇರಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಕಾರಿ ಬ್ಯಾಂಕ್ ನೌಕರ,
ವಿದ್ಯಾನಗರ, ದಾವಣಗೆರೆ